ತಂಪಾದ ಎಂಜಿನ್ ದಿನಕ್ಕೊಮ್ಮೆ ಅಷ್ಟ ಸಿಗತೈತಿ

ಈ ಸಲದ ಬರಹ ಬೆಳಿ ಬಗ್ಗೆ ಅಲ್ಲ, ಬೆಳಿ ಹೊತ್ತು ಒಯ್ಯೋ ಗಾಡಿ ಬಗ್ಗೆ. ಎಳ್ಳ ಅಮಾವಾಸ್ಯೆ ಹತ್ರ ಬಂತಂದ್ರ ಹುನಗುಂದ, ಇಳಕಲ್, ಬಾದಾಮಿ, ಬಾಗಲಕೋಟೆ, ಎಲ್ಲಿ ಹೋದ್ರೂ ಒಂದ ಮಾತು ಕೇಳತೈತಿ: "ಚಳಿಗೆ ಗಾಡಿ ಚಾಲೂ ಆಗವಲ್ದು." ಹಳೇ ಪಿಕಪ್ ಇದ್ದವರ ಮನಿ ಮುಂದ ನಸುಕಿನ್ಯಾಗ ಸೆಲ್ಫ್ ಹೊಡಿಯೋ ಸಪ್ಪಳಕ್ಕ ಓಣಿನ ಎದ್ದು ಕುಂದರತೈತಿ. ಹತ್ತು ಗಂಟೆಕ್ಕ ಬಿಸಲು ಬಿದ್ದ ಮ್ಯಾಲೆ ಅದ ಗಾಡಿ ಒಂದ ಸೆಲ್ಫಿಗೆ ಚಾಲೂ ಆಗತೈತಿ. ಹಂಗಾಗಿ ತಪ್ಪೆಲ್ಲಾ ಚಳಿ ಮ್ಯಾಲೆ ಹೋಗತೈತಿ.

ನಮ್ಮ ಕಡೆ ಚಳಿ ಎಷ್ಟರದು? ಡಿಸೆಂಬರ್-ಜನವರಿ ನಸುಕಿನ್ಯಾಗ 15 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕೂ ಕೆಳಗ. ನಮಗ ಚಾದರ ಬೇಕು, ಖರೆ. ಡೀಸೆಲ್ ಎಂಜಿನ್ನಿಗೆ ಇದು ದೊಡ್ಡ ಚಳಿ ಅಲ್ಲ. ಚಳಿ ನೋಡಬೇಕಂದ್ರ ಲಡಾಖಿನದು. ಅಲ್ಲಿ ಸಾದಾ ಡೀಸೆಲ್ ಟ್ಯಾಂಕಿನ್ಯಾಗ ಮಂದ ಆಗಿ ಹರಿಯೋದ ನಿಲ್ಲತೈತಿ ಅಂತ ಇಂಡಿಯನ್ ಆಯಿಲ್‌ನವರು 2019ರ ನವೆಂಬರದಾಗ ಮೈನಸ್ 33 ಡಿಗ್ರಿ ತನಕ ಹರಿಯೋ ಬ್ಯಾರೆ ಡೀಸೆಲ್ ತಂದ್ರು. ನಮ್ಮ ಬಂಕಿನ ಡೀಸೆಲ್ ನಮ್ಮ ಚಳಿಗೆ ಗಟ್ಟಿ ಆಗಂಗಿಲ್ಲ. ಸರಿ ಇರೋ ಪಿಕಪ್ 12 ಡಿಗ್ರಿಯಾಗೂ ಒಂದೆರಡು ಸೆಲ್ಫಿಗೆ ಚಾಲೂ ಆಗಬೇಕು. ಆಗವಲ್ದು ಅಂದ್ರ ಗಾಡಿಯಾಗ ಯಾವುದೋ ಒಂದು ಸಾಮಾನು ಮೊದಲ ಸೋತೈತಿ. ಚಳಿ ಅದನ್ನ ತೋರಸತೈತಿ, ಅಷ್ಟ.

ಇದನ್ನ ಇಷ್ಟು ಉದ್ದ ಬರಿಯಾಕ ಕಾರಣ ಐತಿ. ತ್ವಾಟದ ವಸ್ತಿಯಾಗ ಇರೋ ನಮಗ ಪಿಕಪ್ ಬರೇ ಉಳ್ಳಾಗಡ್ಡಿ ಚೀಲದ ಗಾಡಿ ಅಲ್ಲ. 108ಕ್ಕ ಫೋನ್ ಹಚ್ಚಿದ್ರೂ ಹೊಲದ ದಾರಿ ದಾಟಿಸಿ ಡಾಂಬರ್ ರಸ್ತಾ ತನಕ ರೋಗಿನ್ನ ನಾವ ಒಯ್ಯಬೇಕು. ಹ್ವಾದ ಜನವರಿಯಾಗ ನಮ್ಮ ಬಾಜು ಹೊಲದ ಕಾಕಾಗ ನಸುಕಿನ ನಾಲ್ಕಕ್ಕ ಎದಿನೋವು ಬಂತು. ಅವರ ಗಾಡಿಗೆ ಎಂಟು-ಹತ್ತು ಸಲ ಸೆಲ್ಫ್ ಹೊಡದ್ರು, ಬ್ಯಾಟ್ರಿ ಕುಂತ ಬಿಟ್ಟಿತು. ಆಮೇಲೆ ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಜಗ್ಗಿ ಚಾಲೂ ಮಾಡೋದ್ರಾಗ ಮುಕ್ಕಾಲು ತಾಸು ಹೋತು. ಕಾಕಾ ಉಳದ್ರು, ದೇವರ ದಯಾ. ಆದ್ರ ಆ ಗಾಡಿ ಅದಕ್ಕೂ ಮೊದಲ ಒಂದು ತಿಂಗಳಿಂದ ಮುಂಜಾನೆ ಸತಾಯಿಸಕತ್ತಿತ್ತು. "ಚಳಿಗೆ ಹಂಗ ಮಾಡತೈತಿ" ಅಂತ ಬಿಟ್ಟಿದ್ರು.

ಮೊದಲ ಒಂದು ಮೂಲ ಮಾತು. ಗಾಡಿ ಚಾಲೂ ಆಗಲಿಲ್ಲಂದ್ರ ನಮ್ಮಲ್ಲಿ "ಇಗ್ನಿಷನ್ ಹೋಗೇತಿ" ಅಂತಾರ, ಚಾವಿ ಸ್ವಿಚ್ ಬದಲಾಯಿಸಿದವರೂ ಅದಾರ. ಪೆಟ್ರೋಲ್ ಗಾಡಿಯಾಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಸತೈತಿ. ನಮ್ಮ ಡೀಸೆಲ್ ಪಿಕಪ್ಪಿನ್ಯಾಗ ಕಿಡಿ ಅನ್ನೋದ ಇಲ್ಲ. ರುಡಾಲ್ಫ್ ಡೀಸೆಲ್ ಅನ್ನೋ ಜರ್ಮನಿ ಎಂಜಿನಿಯರ್ 1890ರ ದಶಕದಾಗ ಕಟ್ಟಿದ ಎಂಜಿನ್ನಿನ ಯುಕ್ತಿನ ಅದು: ಗಾಳಿನ ಜೋರಾಗಿ ಒತ್ತಿದ್ರ ಅದು ಕಾಯತೈತಿ. ಸೈಕಲ್ಲಿಗೆ ಗಾಳಿ ಹೊಡಿಯುವಾಗ ಪಂಪಿನ ಬುಡ ಬಿಸಿ ಆಗೋದನ್ನ ಎಲ್ಲಾರೂ ಕೈಯಿಂದ ಮುಟ್ಟಿ ನೋಡೀವಿ. ಹಳೇ ಡೀಸೆಲ್ ಎಂಜಿನ್ನಿನ್ಯಾಗ 20 ಪಾಲು ಗಾಳಿ ಹೆಚ್ಚುಕಡಿಮಿ ಒಂದು ಪಾಲಿನ ಜಾಗಕ್ಕ ಒತ್ತಿಕೋತೈತಿ, ನೂರಾರು ಡಿಗ್ರಿ ಕಾವು ಹುಟ್ಟತೈತಿ. ಆ ಕಾವಿನ್ಯಾಗ ನಾಝಲ್ ಡೀಸೆಲ್ ಚಿಮ್ಮಸತೈತಿ, ಡೀಸೆಲ್ ತಾನಾಗಿ ಹತ್ತತೈತಿ.

ಅಂದ್ರ ಬೇಕಾಗಿದ್ದು ಮೂರು. ಎಂಜಿನ್ ಜೋರಾಗಿ ತಿರಗಬೇಕು: ಬ್ಯಾಟ್ರಿ, ಕೇಬಲ್, ಸೆಲ್ಫ್ ಕೆಲಸ. ಒಳಗ ಕಾವು ಹುಟ್ಟಬೇಕು: ಕಂಪ್ರೆಷನ್ ಮತ್ತ ಹೀಟರ್ ಪ್ಲಗ್ ಕೆಲಸ. ಡೀಸೆಲ್ ಹೊತ್ತಿಗೆ ಸರಿಯಾಗಿ ಬರಬೇಕು: ಪೈಪ್, ಫಿಲ್ಟರ್, ಪಂಪ್, ನಾಝಲ್ ಕೆಲಸ. ಮುಂಜಾನೆ ಆಯಿಲ್ ದಪ್ಪ ಇರತೈತಿ, ಎಂಜಿನ್ ಭಾರ ತಿರಗತೈತಿ. ಬ್ಯಾಟ್ರಿ ತಂಪಿಗೆ ಸ್ವಲ್ಪ ಮಂದ ಇರತೈತಿ. ತಣ್ಣನ ಸಿಲಿಂಡರ್ ಗೋಡಿ ಹುಟ್ಟಿದ ಕಾವನ್ನ ಹೀರಕೋತೈತಿ. ಮೂರರಾಗ ಯಾವುದು ಸೋತಿದ್ರೂ ಮಧ್ಯಾಹ್ನ ಹೆಂಗೋ ನಡೀತೈತಿ, ನಸುಕಿನ್ಯಾಗ ನಡಿಯಂಗಿಲ್ಲ.

ಈಗ ಬರಹದ ಮುಖ್ಯ ಮಾತು. ತಂಪಾದ ಎಂಜಿನ್ ದಿನಕ್ಕ ಒಂದ ಸಲ ಸಿಗತೈತಿ, ಅದೂ ನಿಮ್ಮ ಮನಿ ಮುಂದ. ಗ್ಯಾರೇಜಿಗೆ ಹೋಗೋ ಹೊತ್ತಿಗೆ ಗಾಡಿ ಓಡಿ ಬಿಸಿ ಆಗಿರತೈತಿ. ಮಿಸ್ತ್ರಿ ಚಾವಿ ತಿರುವಿದ್ರ ಚಟ್ಟನ ಚಾಲೂ. ರೋಗ ಅವರ ಕಣ್ಣಿಗೆ ಬೀಳೋದ ಇಲ್ಲ. ಪಾಪ, ಅವರು ಅಂದಾಜಿನ ಮ್ಯಾಲೆ ಹೇಳಬೇಕು: ಒಬ್ಬರು ಪಂಪ್ ಅಂತಾರ, ಒಬ್ಬರು ರಿಂಗ್ ಅಂತಾರ, ಒಬ್ಬರು ಬ್ಯಾಟ್ರಿ ಹಾಕ್ರಿ ಅಂತಾರ. ನಸುಕಿನ್ಯಾಗ ಆದದ್ದಕ್ಕ ಸಾಕ್ಷಿ ನೀವೊಬ್ಬರ. ಆ ಮೊದಲ ಸೆಲ್ಫಿನ ಹತ್ತು ಸೆಕೆಂಡಿನ್ಯಾಗ ಕಿವಿ ಏನು ಕೇಳಿತು, ಹಿಂದ ಸೈಲೆನ್ಸರಿನ್ಯಾಗ ಕಣ್ಣು ಏನು ನೋಡಿತು, ಇದನ್ನ ಬರದು ಇಟ್ಟಗೊಂಡ್ರ ಅರ್ಧ ರಿಪೇರಿ ಆದಂಗ. ಒಬ್ಬರು ಸೆಲ್ಫ್ ಹೊಡೀಲಿ, ಇನ್ನೊಬ್ಬರು ಬ್ಯಾಟರಿ ಹಿಡದು ಸೈಲೆನ್ಸರ್ ಬಾಜು ನಿಲ್ಲಲಿ.

ಕಿವಿ-ಕಣ್ಣಿನ ಲೆಕ್ಕ ಹಿಂಗ:

ಸೆಲ್ಫ್ "ಗುರ್... ಗುರ್..." ಅಂತ ನಿಧಾನ ತಿರಗಿದ್ರ, ಇಲ್ಲಾ ಬರೇ "ಟಕ್" ಅಂದು ಸುಮ್ಮನಾದ್ರ: ಕರೆಂಟಿನ ಕಡೆ ನೋಡ್ರಿ.
ಸೆಲ್ಫ್ ಚಲೋ ತಿರಗತೈತಿ, ಹಿಂದ ಬಿಳಿ ಹೊಗಿ, ಹಸಿ ಡೀಸೆಲ್ ವಾಸನಿ: ಡೀಸೆಲ್ ಬರಕತ್ತೈತಿ, ಹತ್ತವಲ್ದು. ಕಾವಿನ ಕಡೆ ನೋಡ್ರಿ.
ಸೆಲ್ಫ್ ಚಲೋ ತಿರಗತೈತಿ, ಹೊಗಿನ ಇಲ್ಲ: ಡೀಸೆಲ್ ಮುಟ್ಟವಲ್ದು. ಪೈಪಿನ ಕಡೆ ನೋಡ್ರಿ.

ಮೂರಕ್ಕೂ ಒಂದೊಂದು ಉದಾಹರಣೆ ಈ ಚಳಿಗಾಲದಾಗ ಕಣ್ಣಾರೆ ನೋಡೇನಿ. ಮೊದಲನೇದು ಬಾದಾಮಿ ಕಡೆಯ ನಮ್ಮ ಬೀಗರದು. ಬನದ ಹುಣ್ಣಿಮಿ ಬಂತಂದ್ರ ಬನಶಂಕರಿ ಜಾತ್ರಿಗೆ ಅಂಗಡಿ ಸಾಮಾನು, ಬಾಗಲಾ-ಚೌಕಟ್ಟು ಹೊಡಿಯೋದು ಅವರ ಗಾಡಿ ಕೆಲಸ. ನಸುಕಿನ ಮೂರಕ್ಕ ಬಿಡಬೇಕು. ಸೆಲ್ಫ್ ಅಳಕೋತ ತಿರಗತಿತ್ತು. ಬ್ಯಾಟ್ರಿ ಹೊಸಾದು, ಎಂಟು ತಿಂಗಳ ಆಗಿತ್ತು, ಹಂಗಾಗಿ "ಸೆಲ್ಫ್ ಮೋಟಾರ್ ಹೋಗೇತಿ" ಅಂತ ತೀರ್ಮಾನ ಆಗಿತ್ತು. ನಾ ಹೇಳಿದೆ, "ಮಾವಾ, ಇವತ್ತ ರಾತ್ರಿ ಬ್ಯಾಟ್ರಿ ಮೈನಸ್ ಟರ್ಮಿನಲ್ ಬಿಚ್ಚಿ ಮಲಕೋರಿ, ಮುಂಜಾನೆ ಹಚ್ಚಿ ಸೆಲ್ಫ್ ಹೊಡೀರಿ." ಮರುದಿನ ಸೆಲ್ಫ್ ಸ್ವಲ್ಪ ಜೋರಾತು, ಪೂರ್ತಿ ಅಲ್ಲ. ಅಂದ್ರ ರಾತ್ರಿ ಯಾವುದೋ ಕರೆಂಟ್ ಕುಡಿತಿತ್ತು: ಹಾಡಿನ ಆಂಪ್ಲಿಫೈಯರ್ ವೈರ್ ಚಾವಿ ದಾಟಿ ನೇರ ಬ್ಯಾಟ್ರಿಗೆ ಹಚ್ಚಿದ್ರು. ಉಳಿದ ಅರ್ಧ ಎಲ್ಲಿ? ಮಲ್ಟಿಮೀಟರಿನ ಒಂದು ಮುಳ್ಳು ಬ್ಯಾಟ್ರಿ ಮೈನಸ್ ಕಂಬಕ್ಕ, ಇನ್ನೊಂದು ಎಂಜಿನ್ನಿನ ಬರೇ ಕಬ್ಬಿಣಕ್ಕ ಹಿಡದು ಸೆಲ್ಫ್ ಹೊಡಸಿದ್ವಿ. ಅರ್ಧ ವೋಲ್ಟಿನ ಒಳಗ ಇರಬೇಕು, ಒಂದೂವರಿ ತೋರಿಸ್ತು. ಎಂಜಿನ್ನಿಂದ ಚಾಸಿಗೆ ಹೋಗೋ ಅರ್ಥ್ ಪಟ್ಟಿ ಬುಡದಾಗ ತುಕ್ಕು ತಿಂದು ನಾಲ್ಕು ಎಳಿ ಮ್ಯಾಲೆ ನಿಂತಿತ್ತು. ಪಟ್ಟಿ ಬದಲು ಮಾಡಿ, ಕುಂತ ಜಾಗ ಉಪ್ಪುಕಾಗದ ಹಾಕಿ ತಿಕ್ಕಿದ್ವಿ. ಮೋಟಾರ್ ಬಿಚ್ಚೋ ಪ್ರಸಂಗನ ಬರಲಿಲ್ಲ.

ಬ್ಯಾಟ್ರಿ ಬಗ್ಗೆ ಇಲ್ಲೇ ಹೇಳಿಬಿಡತೇನಿ. ಗಾಡಿ ರಾತ್ರಿಯಿಡೀ ನಿಂತ ಮ್ಯಾಲೆ ಮೀಟರ್ ಹಿಡದ್ರ 12.6 ವೋಲ್ಟ್ ಇದ್ರ ತುಂಬೈತಿ, 12.2 ಇದ್ರ ಅರ್ಧ, 12 ಇದ್ರ ಬರಿದಾದಂಗ. ಸೆಲ್ಫ್ ಹೊಡಿಯುವಾಗ 9.6ರ ಕೆಳಗ ಬೀಳಬಾರದು. ಗಾಡಿ ಚಾಲೂ ಇದ್ದಾಗ 13.8ರಿಂದ 14.4 ಬರಬೇಕು, ಬರಲಿಲ್ಲಂದ್ರ ಡೈನಮೋ ಇಲ್ಲಾ ಬೆಲ್ಟ್ ನೋಡ್ರಿ. ಇನ್ನೊಂದು ಮಾತು: ಬ್ಯಾಟ್ರಿ ಕೊಲ್ಲೋದು ನಮ್ಮ ಬ್ಯಾಸಗಿ. ಏಪ್ರಿಲ್-ಮೇದಾಗ 40 ಡಿಗ್ರಿ ದಾಟಿದ ಬಿಸಲಾಗ, ಬಾನೆಟ್ ಒಳಗಿನ ಕಾವೂ ಕೂಡಿ ನೀರು ಆರತೈತಿ, ಪ್ಲೇಟ್ ಸವೀತಾವ. ಪ್ರತಿ 10 ಡಿಗ್ರಿ ಹೆಚ್ಚಿನ ಕಾವಿಗೆ ಬ್ಯಾಟ್ರಿ ಆಯುಷ್ಯ ಹೆಚ್ಚುಕಡಿಮಿ ಅರ್ಧಕ್ಕ ಇಳಿತೈತಿ ಅನ್ನೋದು ಈ ಕೆಲಸದವರ ರೂಢಿ ಲೆಕ್ಕ. ಮೇದಾಗ ಪೆಟ್ಟು ತಿಂದದ್ದು ಡಿಸೆಂಬರದಾಗ ಗೊತ್ತಾಗತೈತಿ, ಹೆಸರು ಚಳಿಗೆ ಬರತೈತಿ. ನೀರು ಹಾಕುವಾಗ ಡಿಸ್ಟಿಲ್ಡ್ ವಾಟರ್ ಹಾಕ್ರಿ. ನಮ್ಮ ಬೋರಿನ ಸವಳ ನೀರು ಹಾಕಿದ್ರ ಬ್ಯಾಟ್ರಿಗೆ ನಾವ ವಿಷಾ ಹಾಕಿದಂಗ.

ಎರಡನೇದು ನಮ್ಮದ ಗಾಡಿ, ಹುನಗುಂದದ ಎರಿ ಹೊಲದಾಗ ದುಡಿಯೋದು. ನಾಲ್ಕು ಸಿಲಿಂಡರ್, ಹಳೇ ಮೆಕ್ಯಾನಿಕಲ್ ಪಂಪ್. ಡಿಸೆಂಬರ್ ಎರಡನೇ ವಾರದಿಂದ ಸತಾಯಿಸಾಕ ಹತ್ತಿತು. ಸೆಲ್ಫ್ ಜೋರಾಗಿ ತಿರಗತಿತ್ತು, ಹಿಂದ ಬಿಳಿ ಹೊಗಿ ದಟ್ಟ. ಐದಾರು ಸಲಕ್ಕ ಹತ್ತತಿತ್ತು, ಹತ್ತಿದ ಮ್ಯಾಲೂ ಒಂದು ನಿಮಿಷ ಕುಂಟಕೋತ "ಗಡ ಗಡ" ಅಂದು, ಆಮ್ಯಾಲೆ ಸಾಪ. ಗ್ಯಾರೇಜಿನ್ಯಾಗ ಬಿಸಿ ಗಾಡಿ ನೋಡಿದವರು ಪಂಪ್-ನಾಝಲ್ ಕೆಲಸ ಐತಿ, 18,000 ಆಗತೈತಿ ಅಂದ್ರು.

ಆ ಕುಂಟೋದ ಸುಳಿವು. ಪಂಪ್ ಕೆಟ್ಟಿದ್ರ ಬಿಸಿ ಆದ ಮ್ಯಾಲೂ ಏರಿಗೆ ಲೋಡ್ ಜಗ್ಗುವಾಗ ಸೋಲಬೇಕು, ಅದು ಸೋಲತಿರಲಿಲ್ಲ. ಬಿಸಿ ಆದಕೂಡ್ಲೆ ನಾಲ್ಕೂ ಸಿಲಿಂಡರ್ ದುಡೀತಾವ, ತಂಪಿದ್ದಾಗ ಕೆಲವು ಅಷ್ಟ ಹತ್ತತಾವ ಅಂದ್ರ ಕೆಲವಕ್ಕ ಹೀಟರ್ ಇಲ್ಲ. ಪರೀಕ್ಷಾ ಹೆಂಗಂದ್ರ, ಒಂದು ಮುಂಜಾನೆ ಚಾವಿನ ಹೀಟರಿಗೆ ಒಂದ ಸಲ ಹಾಕಿ ಸೆಲ್ಫ್ ಹೊಡದ್ವಿ, ಮರುದಿನ ಮೂರು ಸಲ ಹೀಟರ್ ಹಾಕಿ ಹೊಡದ್ವಿ. ಎರಡನೇ ದಿನ ಮೂರು ಸೆಲ್ಫಿಗೆ ಹತ್ತಿತು. ಕಾವಿನ ಕೊರತಿ ಅನ್ನೋದು ಪಕ್ಕಾ ಆತು.

ಮೂರನೇ ಮುಂಜಾನೆ ಪ್ಲಗ್ ನೋಡಿದ್ವಿ. ನಾಲ್ಕೂ ಪ್ಲಗ್ ತಲಿ ಕೂಡಿಸೋ ಪಟ್ಟಿ ಬಿಚ್ಚಿ, ಪ್ಲಗ್ಗುಗಳನ್ನ ಒಂದಕ್ಕೊಂದು ಸಂಬಂಧ ಇಲ್ಲದಂಗ ಬ್ಯಾರೆ ಮಾಡಬೇಕು. 12 ವೋಲ್ಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಹಚ್ಚಿ, ಒಂದನ್ನ ಬ್ಯಾಟ್ರಿ ಪ್ಲಸ್ಸಿಗೆ, ಇನ್ನೊಂದನ್ನ ಪ್ಲಗ್ ತಲಿಗೆ ಹಿಡೀರಿ. ಬಲ್ಬ್ ಹತ್ತಿದ್ರ ಒಳಗಿನ ತಂತಿ ಕೂಡೈತಿ, ಹತ್ತಲಿಲ್ಲಂದ್ರ ಕಡದೈತಿ. ನಮ್ಮವು ನಾಲ್ಕರಾಗ ಎರಡು ಹತ್ತಲಿಲ್ಲ. ಹಂಗ ಅದ ಬಲ್ಬನ್ನ ಪಟ್ಟಿಗೂ ಎಂಜಿನ್ ಮೈಗೂ ಹಿಡದು ಚಾವಿ ಹೀಟರಿಗೆ ಹಾಕಿ ನೋಡ್ರಿ. ಹತ್ತಲಿಲ್ಲಂದ್ರ ಪ್ಲಗ್ಗಿನ ತಪ್ಪಲ್ಲ, ಫ್ಯೂಜ್ ಇಲ್ಲಾ ರಿಲೇ ಹೋಗೇತಿ. ಪ್ಲಗ್ ಬಿಚ್ಚುವಾಗ ಎಂಜಿನ್ ಉಗುರು ಬೆಚ್ಚಗ ಇರಲಿ, ಜಬರದಸ್ತಿ ಬ್ಯಾಡ. ಕಿಟ್ಟ ಕಟ್ಟಿ ಹಿಡಕೊಂಡಿದ್ದನ್ನ ಪಾನಾದಿಂದ ತಿರುವಿದ್ರ ತುಂಡಾಗಿ ಹೆಡ್ಡಿನ್ಯಾಗ ಉಳಿತೈತಿ, ಆಗ ಹೆಡ್ ಇಳಸೋ ಕೆಲಸ. ಎರಡು ಹೊಸ ಪ್ಲಗ್ ಹಾಕಿದ್ವಿ, ಸಾವಿರದ ಒಳಗ ಮುಗೀತು. ಮರುದಿನ ಎರಡನೇ ಸೆಲ್ಫಿಗೆ ಗಾಡಿ ಚಾಲೂ.

ಎಲ್ಲಾ ಡೀಸೆಲ್ ಗಾಡಿಗೂ ಹೀಟರ್ ಪ್ಲಗ್ ಇರಂಗಿಲ್ಲ, ಕೆಲವು ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ ಇಲ್ಲ. ಮೊದಲ ನಿಮ್ಮ ಗಾಡಿಗೆ ಅದಾವೋ ಇಲ್ಲೋ ನೋಡಕೋರಿ. ಪ್ಲಗ್ ಸರಿ, ಬ್ಯಾಟ್ರಿ ಸರಿ, ಡೀಸೆಲ್ ಸರಿ, ಆದ್ರೂ ಬಿಳಿ ಹೊಗಿ ಬರತೈತಿ, ಆಯಿಲ್ ತಿನ್ನತೈತಿ, ಬ್ರೀದರ್ ಪೈಪಿನ್ಯಾಗ ಬುಸುಬುಸು ಹೊಗಿ ಬರತೈತಿ ಅಂದ್ರ ಆಗ ಕಂಪ್ರೆಷನ್ ಚೆಕ್ ಮಾಡಸ್ರಿ. ಅದಕ್ಕೂ ಮೊದಲ ಟ್ಯಾಪೆಟ್ ಸೆಟ್ ಮಾಡಸ್ರಿ, ಅದು ಸಣ್ಣ ಖರ್ಚು. ರಿಂಗ್-ಪಿಸ್ಟನ್ ಮಾತು ಕಟ್ಟಕಡೀದು.

ಮೂರನೇದು ಇಳಕಲ್ ಕಡೆಯ ದೋಸ್ತಂದು. ಗ್ರಾನೈಟ್ ಕ್ವಾರಿ ದಾರಿಯಾಗ ದಿನಾ ಓಡೋ ಗಾಡಿ, ಧೂಳ ಮತ್ತ ಜಿಗದಾಟ ಎರಡೂ ಅದಕ್ಕ ತಪ್ಪಿದ್ದಲ್ಲ. ಸೆಲ್ಫ್ ಚಲೋ, ಹೊಗಿ ಚೂರೂ ಇಲ್ಲ. ಹತ್ತಿಪ್ಪತ್ತು ಸಲಕ್ಕ ಒಮ್ಮೆಲೆ ಹತ್ತಿ, ಆಮೇಲೆ ದಿನಪೂರ್ತಿ ತಕರಾರ ಇಲ್ಲ. ಇದರ ಪರೀಕ್ಷಾಕ ಖರ್ಚ ಇಲ್ಲ. ಮುಂಜಾನೆ ಸೆಲ್ಫ್ ಮುಟ್ಟೋಕಿಂತ ಮೊದಲ ಡೀಸೆಲ್ ಫಿಲ್ಟರ್ ಮ್ಯಾಲಿನ ಹ್ಯಾಂಡ್ ಪಂಪ್ ಒತ್ತರಿ. ಮೊದಲ ಬುಸ್ ಬುಸ್ ಅಂತ ಹಗೂರ ಹೋಗಿ, ಹದಿನೈದಿಪ್ಪತ್ತು ಸಲ ಒತ್ತಿದ ಮ್ಯಾಲೆ ಗಟ್ಟಿ ಆದ್ರ, ಆಮೇಲೆ ಒಂದ ಸೆಲ್ಫಿಗೆ ಚಾಲೂ ಆದ್ರ, ರಾತ್ರಿ ಪೈಪಿನ್ಯಾಗ ಗಾಳಿ ಹೊಕ್ಕು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳದೈತಿ. ನಮ್ಮ ದೋಸ್ತನ ಗಾಡಿ ಹಂಗ ಮಾಡ್ತು. ಇಂಥಾ ಕಡೆ ಡೀಸೆಲ್ ಹೊರಗ ಸೋರಬೇಕಂತ ಇಲ್ಲ. ಟ್ಯಾಂಕಿನಿಂದ ಪಂಪಿನ ತನಕ ಎಂಜಿನ್ ಡೀಸೆಲ್ ಎಳಕೋತೈತಿ, ಹಂಗಾಗಿ ಸೀಳು ಇದ್ದಲ್ಲಿ ಗಾಳಿ ಒಳಗ ಹೋಗತೈತಿ, ಹೊರಗ ಒಣಾನ ಇರತೈತಿ. ಫಿಲ್ಟರಿಗೆ ಬರೋ ಜಾಗಾದಾಗ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಕೂಡಿಸಿ ನೋಡಿದ್ವಿ, ಗುಳ್ಳಿ ಓಡೋದು ಕಾಣತು. ಹಿಂದಕ್ಕ ಹುಡಕೋತ ಹೋದ್ರ ಕ್ಲಿಪ್ಪಿನ ಬುಡದಾಗ ರಬ್ಬರ್ ಪೈಪ್ ಕೂದಲೆಳಿಯಷ್ಟು ಸೀಳಿತ್ತು. ಒಂದು ಮೊಳ ಪೈಪ್, ಎರಡು ಕ್ಲಿಪ್, ಕೆಲಸ ಮುಗೀತು. ಅವತ್ತ ಏರ್ ಫಿಲ್ಟರ್ ತಗದು ಬಡದ್ರ ಅಂಗೈ ತುಂಬ ಧೂಳ ಬಿತ್ತು. ಗಾಳಿ ಕಮ್ಮಿ ಆದ್ರೂ ಮುಂಜಾನೆ ಹತ್ತೋದು ಕಷ್ಟ, ಅದನ್ನೂ ಬದಲು ಮಾಡಿದ್ವಿ. ಹ್ಯಾಂಡ್ ಪಂಪ್ ಮೊದಲಿಂದ ಗಟ್ಟಿ ಇದ್ದು ಆದ್ರೂ ಹೊಗಿ ಇಲ್ಲಂದ್ರ ಪಂಪಿನ ಸ್ಟಾಪ್ ಸೊಲೆನಾಯ್ಡ್ ನೋಡ್ರಿ. ಅದಿರೋ ಗಾಡಿಯಾಗ ಚಾವಿ ಆನ್ ಮಾಡಿದಾಗ ಪಂಪಿನ ಹತ್ರ ಸಣ್ಣಗ "ಟಕ್" ಅನ್ನಬೇಕು.

ಇಲ್ಲಿ ಎರಡು ಎಚ್ಚರಿಕಿ. ಒಂದು, ಈ ಬರಹ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗೆ. ಏಪ್ರಿಲ್ 2020ರಿಂದ ಬಂದ ಬಿಎಸ್-6 ಗಾಡಿ, ಅದಕ್ಕಿಂತ ಮೊದಲಿನ ಕಾಮನ್ ರೇಲ್ ಗಾಡಿ, ಇವುಗಳ ನಾಝಲ್ ಪೈಪ್ ಎಂದೂ ಸಡ್ಲ ಮಾಡಬ್ಯಾಡ್ರಿ. ಅದರಾಗಿನ ಒತ್ತಡಕ್ಕ ಚಿಮ್ಮಿದ ಡೀಸೆಲ್ ಚರ್ಮಾ ತೂರಿ ಒಳಗ ಹೋಗತೈತಿ, ಕೈ ಕಳಕೊಂಡವರು ಜಗತ್ತಿನ್ಯಾಗ ಅದಾರ. ಅಂಥಾ ಗಾಡಿಗೆ ಸ್ಕ್ಯಾನರ್ ಇರೋ ಕಡೆನ ಹೋಗ್ರಿ.

ಎರಡು, ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಅರಿವಿ ಹಿಡಿಯೋದು, ಸ್ಟಾರ್ಟಿಂಗ್ ಸ್ಪ್ರೇ ಹೊಡಿಯೋದು, ಕಾಗದಕ್ಕ ಬೆಂಕಿ ಹಚ್ಚಿ ಹಿಡಿಯೋದು, ಇವನ್ನ ಬಿಡ್ರಿ. ಹೀಟರ್ ಪ್ಲಗ್ ಕೆಂಪಗ ಕಾದಿರೋ ಎಂಜಿನ್ನಿಗೆ ಸ್ಪ್ರೇ ಹೋದ್ರ ಹೊತ್ತಲ್ಲದ ಹೊತ್ತಿನ್ಯಾಗ ಹತ್ತಿ ರಿಂಗ್ ಮುರಿತಾವ, ಇಲ್ಲಾ ಬೆಂಕಿ ವಾಪಸ್ ಮಾರಿಗೆ ಬರತೈತಿ. ಅಂಥಾ ಕೆಲಸಕ್ಕ ಬಾನೆಟ್ ಮುಂದ ನಿಲ್ಲೋದು ಯಾವಾಗಲೂ ಗಾಡಿ ಮಾಲಕ ಅಲ್ಲ, ಹತ್ತೊಂಬತ್ತಿಪ್ಪತ್ತು ವರ್ಷದ ಕ್ಲೀನರ್ ಹುಡುಗ. ಹಂಗ ಸೆಲ್ಫನ್ನೂ ಒಂದ ಸಲಕ್ಕ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡಿಬ್ಯಾಡ್ರಿ. ಅರ್ಧ ನಿಮಿಷ ಬಿಟ್ಟು ಮತ್ತ ಹೊಡೀರಿ. ಬಾಜು ಹೊಲದ ಕಾಕಾನ ಗಾಡಿ ಬ್ಯಾಟ್ರಿ ಕುಂತದ್ದು ಬಿಡುವಿಲ್ಲದ ಸೆಲ್ಫಿಗೆ. ಆಮೇಲೆ ನೋಡಿದ್ರ ಅದರ ರೋಗ ಹೀಟರ್ ಫ್ಯೂಜ್, ಹತ್ತಿಪ್ಪತ್ತು ರೂಪಾಯಿದು.

ಒಂದು ಮುಂಜಾನಿಗೆ ಒಂದ ಪರೀಕ್ಷಾ ಮಾಡ್ರಿ. ಟರ್ಮಿನಲ್ ತಿಕ್ಕಿ, ಹ್ಯಾಂಡ್ ಪಂಪ್ ಒತ್ತಿ, ಮೂರು ಸಲ ಹೀಟರ್ ಹಾಕಿ ಎಲ್ಲಾ ಕೂಡೇ ಮಾಡಿದ್ರ ಗಾಡಿ ಚಾಲೂ ಆಗಬಹುದು, ಆದ್ರ ಯಾವುದರಿಂದ ಆತು ಅನ್ನೋದು ಗೊತ್ತಾಗಂಗಿಲ್ಲ. ಒಮ್ಮೆ ಹತ್ತಿತಂದ್ರ ಮುಗೀತು, ಮತ್ತ ತಂಪಾಗಾಕ ಮರುದಿನದ ತನಕ ಕಾಯಬೇಕು. ಮೂರು ಮುಂಜಾನೆ, ಮೂರು ಪರೀಕ್ಷಾ. ನಾಲ್ಕನೇ ದಿನ ಗ್ಯಾರೇಜಿಗೆ ಹೋದಾಗ "ಅಣ್ಣಾ, ಸೆಲ್ಫ್ ಜೋರೈತಿ, ಬಿಳಿ ಹೊಗಿ ಬರತೈತಿ, ಮೂರು ಸಲ ಹೀಟರ್ ಹಾಕಿದ್ರ ಲಗೂನ ಹತ್ತತೈತಿ" ಅಂತ ಹೇಳ್ರಿ. ಚಲೋ ಮಿಸ್ತ್ರಿಗೆ ಅಷ್ಟ ಸಾಕು. ಇಲ್ಲಾ ರಾತ್ರಿ ಗಾಡಿ ಅವರ ಅಂಗಳದಾಗ ಬಿಟ್ಟು ಬರ್ರಿ, ಮುಂಜಾನೆ ಅವರ ಮೊದಲ ಸೆಲ್ಫ್ ಹೊಡೀಲಿ.

ಖಂಡೇಪೂಜಿಗೆ ನಾವು ಗಾಡಿ ತೊಳಿತೀವಿ, ಹಾರ ಹಾಕತೀವಿ, ಗಾಲಿಗೆ ನಿಂಬಿಹಣ್ಣ ಇಡತೀವಿ. ಅಷ್ಟೊತ್ತಿಗೆ ಬ್ಯಾಸಗಿ ಪೆಟ್ಟು ಬಿದ್ದು ಹೋಗಿರತೈತಿ, ಚಳಿಗೆ ಇನ್ನಾ ಎರಡು ತಿಂಗಳ ಇರತೈತಿ. ಅವತ್ತ ಬಾನೆಟ್ ಎತ್ತಿ ಅರ್ಧ ತಾಸು ಕೊಡ್ರಿ: ಬ್ಯಾಟ್ರಿ ನೀರು, ಟರ್ಮಿನಲ್, ಅರ್ಥ್ ಪಟ್ಟಿ, ಹೀಟರ್ ಫ್ಯೂಜ್, ರಬ್ಬರ್ ಪೈಪಿನ ಕ್ಲಿಪ್, ಫಿಲ್ಟರ್. ಈ ವರ್ಷ ಆ ದಿನ ದಾಟಿ ಹೋತು. ಇವತ್ತ ರಾತ್ರಿ ಒಂದು ಮೀಟರ್ ಮತ್ತ ಒಂದು ಬಲ್ಬ್ ಹುಡಕಿ ಇಟಗೋರಿ, ನಾಳೆ ಮುಂಜಾನೆ ತಂಪಾದ ಎಂಜಿನ್ ಸಿಗತೈತಿ.